ಫ್ಯಾಕ್ಟೋರಿಯಲ್ ಬಿಡಿಸುವಾಗ ಎಲ್ಲಿ ನಿಲ್ಲಬೇಕು?

ವಸ್ತುಗಳನ್ನು ಎಷ್ಟು ಬಗೆಯ ಕ್ರಮಗಳಲ್ಲಿ ಜೋಡಿಸಬಹುದೆಂದು ಎಣಿಸುವ ಕ್ರಮಯೋಜನೆಯ ಪಾಠ ಮುಗಿದ ಮೇಲೆ 6!/3! ಎಷ್ಟೆಂದು (‘!’ ಎಂಬುದು ಫ್ಯಾಕ್ಟೋರಿಯಲ್ ಚಿಹ್ನೆ) ಕೇಳಿದರೆ, ಪ್ರತಿ ವರ್ಷವೂ ಕೆಲವು ಮಕ್ಕಳು ಆರನ್ನು ಮೂರರಿಂದ ಭಾಗಿಸಿ, 2! ಎಂದು ಬರೆದು, ಉತ್ತರ 2 ಎನ್ನುತ್ತಾರೆ. ಸರಿಯಾದ ಉತ್ತರ 120. ಒಂದು ಸಂಖ್ಯೆಯ ಫ್ಯಾಕ್ಟೋರಿಯಲ್ ಎಂದರೆ ಅಲ್ಲಿಂದ 1ರವರೆಗೆ ಒಂದೊಂದಾಗಿ ಇಳಿಯುವ ಎಲ್ಲ ಸ್ವಾಭಾವಿಕ ಸಂಖ್ಯೆಗಳ ಗುಣಲಬ್ಧ ಎಂಬ ವ್ಯಾಖ್ಯೆ ಅವರಿಗೆ ಬಾಯಿಪಾಠವಾಗಿರುತ್ತದೆ. ಆದರೆ ಆ ಇಳಿಕೆಯನ್ನು ಬೇಕಾದ ಕಡೆ ನಿಲ್ಲಿಸಬಹುದೆಂಬುದನ್ನು ನಾವು ಸಾಕಷ್ಟು ಒತ್ತಿ ಹೇಳಿರುವುದಿಲ್ಲ. 6! ಎಂಬುದನ್ನು 6×5×4×3! ಎಂದು ಬರೆದರೆ ಛೇದದ 3! ಹೊಡೆದುಹೋಗಿ 6×5×4 ಮಾತ್ರ ಉಳಿಯುತ್ತದೆ. 100! ಎಂಬುದು 158 ಅಂಕಿಗಳ ಸಂಖ್ಯೆಯಾದರೂ 100!/98! ಬಿಡಿಸಲು 100×99, ಅಂದರೆ 9900, ಸಾಕು.

ಇದೇ ಇಳಿಕೆ 0! ಏಕೆ 1 ಎಂಬುದನ್ನೂ ತಿಳಿಸುತ್ತದೆ. 4! ಅಂದರೆ 24; ಅದನ್ನು 4ರಿಂದ ಭಾಗಿಸಿದರೆ 3!, ಅಂದರೆ 6. 6ನ್ನು 3ರಿಂದ ಭಾಗಿಸಿದರೆ 2! ಆದ 2, ಅದನ್ನು 2ರಿಂದ ಭಾಗಿಸಿದರೆ 1! ಆದ 1, ಕೊನೆಗೆ 1ನ್ನು 1ರಿಂದಲೇ ಭಾಗಿಸಿದಾಗ 0! ಸಿಗಬೇಕು, ಅದೂ 1. ಇದನ್ನು ಬರಿಯ ನಿಯಮವೆಂದು ಹೇಳಿ ಮುಂದೆ ಸಾಗುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

‘!’ ಎಂಬ ಇಂದಿನ ಚಿಹ್ನೆಯನ್ನು ಗಣಿತಜ್ಞ ಕ್ರಿಶ್ಚಿಯನ್ ಕ್ರಾಂಪ್ 1808ರಲ್ಲಿ ಬಳಕೆಗೆ ತಂದರೂ ಲೆಕ್ಕ ಅದಕ್ಕಿಂತ ಬಹಳ ಹಳೆಯದು. 1150ರ ಸುಮಾರಿಗೆ ರಚಿತವಾದ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಶಂಖ, ಚಕ್ರ, ಗದೆ, ಪದ್ಮಗಳನ್ನು ವಿಷ್ಣುವಿನ ನಾಲ್ಕು ಕೈಗಳಲ್ಲಿ ಅದಲುಬದಲು ಮಾಡಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ ಎಂದು ಕೇಳುತ್ತಾರೆ. ಮೊದಲ ಕೈಗೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಉಳಿದ ಮೂರು, ಮುಂದಿನದಕ್ಕೆ ಎರಡು, ಕೊನೆಯದಕ್ಕೆ ಒಂದೇ, ಆದ್ದರಿಂದ 24. ಅಲ್ಲಿಯೇ ಶಿವನ ಹತ್ತು ಕೈಗಳಿಗೆ ಇದೇ ಪ್ರಶ್ನೆ ಕೇಳಿದಾಗ ಉತ್ತರ 36,28,800ಕ್ಕೆ ಏರುತ್ತದೆ.

ತರಗತಿಯಲ್ಲಿ ನಾನು ‘ಕಮಲ’ ಪದದ ಅಕ್ಷರಗಳನ್ನು ಜೋಡಿಸಲು ಹೇಳುತ್ತೇನೆ: ಕಮಲ, ಕಲಮ, ಮಕಲ, ಮಲಕ, ಲಕಮ, ಲಮಕ, ಹೀಗೆ ಆರು, ಅಂದರೆ 3!. ಬಳಿಕ ‘ಕನಕ’ ಕೊಟ್ಟರೆ ಎಷ್ಟು ಹುಡುಕಿದರೂ ಕನಕ, ಕಕನ, ನಕಕ ಎಂಬ ಮೂರೇ ಸಿಗುತ್ತವೆ. ಎರಡು ‘ಕ’ಗಳು ತಮ್ಮೊಳಗೆ ಸ್ಥಳ ಬದಲಿಸಿದರೂ ಪದ ಬದಲಾಗದ ಕಾರಣ, 3!ನ್ನು 2!ರಿಂದ ಭಾಗಿಸಬೇಕಾಗುತ್ತದೆ.