ಚಾಟ್ ಸ್ಕ್ರಿಪ್ಟ್: ಮೋಡೆಮ್ ಜೊತೆ ಯುನಿಕ್ಸ್ ಆಡುವ ಮಾತು

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಓಡುವ ಕಂಪ್ಯೂಟರೊಂದು ಟೆಲಿಫೋನ್ ಲೈನಿನ ಮೂಲಕ ಇನ್ನೊಂದು ಕಂಪ್ಯೂಟರನ್ನು ತಲುಪಬೇಕು. ಕಂಪ್ಯೂಟರಿನ ಮಾತನ್ನು ಫೋನ್ ಲೈನಿಗೆ ದಾಟಿಸುವ ಮೋಡೆಮ್‌ಗೆ ಏನು ಹೇಳಬೇಕು, ಯಾವ ಉತ್ತರ ಬರುವ ತನಕ ಕಾಯಬೇಕು, ಬರದೇ ಹೋದರೆ ಏನು ಮಾಡಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟ ನಾಲ್ಕಾರು ಸಾಲಿನ ಪಠ್ಯಕ್ಕೆ ಚಾಟ್ ಸ್ಕ್ರಿಪ್ಟ್ ಎಂದು ಹೆಸರು. ಪ್ರೋಗ್ರಾಮಿಂಗ್ ಬಲ್ಲವರು ಮೊದಲ ಸಲ ನೋಡಿದಾಗ 'ಇಷ್ಟೇನಾ?' ಅನ್ನುವಷ್ಟು ಸಣ್ಣದು. ವೇರಿಯೇಬಲ್ ಇಲ್ಲ, ಲೂಪ್ ಇಲ್ಲ. ಇರುವುದು ಜೋಡಿ ಜೋಡಿ ಪದಗಳು. ಜೋಡಿಯಲ್ಲಿ ಮೊದಲನೆಯದು ಆ ಕಡೆಯಿಂದ ಬರಬೇಕಾದ ಮಾತು, ಎರಡನೆಯದು ಅದು ಬಂದ ಮೇಲೆ ನಾವು ಕಳಿಸಬೇಕಾದ ಮಾತು. ಇದಕ್ಕೆ ಎಕ್ಸ್‌ಪೆಕ್ಟ್–ಸೆಂಡ್ ಕ್ರಮ ಎನ್ನುತ್ತಾರೆ.

ಇಂಥದ್ದೊಂದು ಬೇಕಾದದ್ದು ಮೋಡೆಮ್‌ನ ಸ್ವಭಾವದಿಂದ. ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ಸ್ಮಾರ್ಟ್‌ಮೋಡೆಮ್ ತಂದಾಗ, ಅದಕ್ಕೆ ಆಜ್ಞೆ ಕೊಡಲು ಬೇರೆ ತಂತಿ ಇಡಲಿಲ್ಲ. ಮಾಹಿತಿ ಹೋಗುವ ಸೀರಿಯಲ್ ತಂತಿಯಲ್ಲೇ ಆಜ್ಞೆಯೂ ಹೋಗುತ್ತದೆ, ಉತ್ತರವೂ ಬರುತ್ತದೆ, ಎಲ್ಲವೂ ಸಾದಾ ಅಕ್ಷರಗಳಲ್ಲಿ. ಪ್ರತಿ ಆಜ್ಞೆಯ ಮೊದಲು 'ಎಟಿ' ಎಂಬ ಎರಡಕ್ಷರ, ಅಂದರೆ ಅಟೆನ್ಷನ್. 'ಎಟಿಡಿಟಿ' ಎಂದು ಬರೆದು ನಂಬರು ಸೇರಿಸಿದರೆ ಟೋನ್ ಮೂಲಕ ಡಯಲ್ ಮಾಡು ಎಂದರ್ಥ. ಒಪ್ಪಿದರೆ ಮೋಡೆಮ್ 'ಓಕೆ' ಎನ್ನುತ್ತದೆ. ಕರೆ ಕೂಡಿಕೊಂಡರೆ 'ಕನೆಕ್ಟ್', ಆ ಕಡೆ ಯಾರೋ ಮಾತಾಡುತ್ತಿದ್ದರೆ 'ಬ್ಯುಸಿ', ಏನೂ ಸಿಗದಿದ್ದರೆ 'ನೋ ಕ್ಯಾರಿಯರ್' (ಕ್ಯಾರಿಯರ್ ಅಂದರೆ ಆ ಕಡೆಯ ಮೋಡೆಮ್‌ನಿಂದ ಬರುವ ಸಂಕೇತ). 'ಕನೆಕ್ಟ್' ಎಂದ ಕ್ಷಣದಿಂದ ಅದೇ ತಂತಿಯಲ್ಲಿ ಬರುವ ಅಕ್ಷರಗಳು ಮೋಡೆಮ್‌ನವಲ್ಲ, ದೂರದ ಕಂಪ್ಯೂಟರಿನವು.

ಹೀಗಿರುವಾಗ ಶೆಲ್ ಸ್ಕ್ರಿಪ್ಟಿನಲ್ಲಿ ಒಂದು ಎಕೋ ಆಜ್ಞೆ ಹಾಕಿ ನಂಬರನ್ನು ಸೀರಿಯಲ್ ಪೋರ್ಟಿಗೆ ತಳ್ಳಿದರೆ ಸಾಲದು. ಮೋಡೆಮ್ ರೀಸೆಟ್ ಆಗುತ್ತಿರುವಾಗ ಕಳಿಸಿದ ಆಜ್ಞೆಯನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಡಯಲ್ ಆಗುತ್ತಿರುವಾಗ ಇನ್ನೊಂದು ಅಕ್ಷರ ಕಳಿಸಿದರೆ ಕರೆಯನ್ನೇ ಕೈಬಿಡುತ್ತದೆ. ಎರಡು ಮೋಡೆಮ್‌ಗಳು ಕಿರುಚಾಡಿ ಒಂದು ವೇಗಕ್ಕೆ ಒಪ್ಪಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಬಹುದು, ಮತ್ತು ಆ ಹೊತ್ತು ಪ್ರತಿ ಸಲವೂ ಬೇರೆ. ಆದ್ದರಿಂದ ಇಲ್ಲಿ ಹೇಳುವುದಕ್ಕಿಂತ ಕಾಯುವುದು ದೊಡ್ಡ ಕೆಲಸ. ಚಾಟ್ ಸ್ಕ್ರಿಪ್ಟಿನ ಪ್ರತಿ ಸಾಲೂ ಕಾಯುವುದರಿಂದಲೇ ಶುರುವಾಗುವುದು ಅದಕ್ಕೇ.

ಒಂದು ಮಾದರಿ ನೋಡಿ. ನಿಜವಾದ ಫೈಲಿನಲ್ಲಿ ಇವೆಲ್ಲ ರೋಮನ್ ಲಿಪಿಯಲ್ಲಿರುತ್ತವೆ. ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ.

ಅಬಾರ್ಟ್ 'ಬ್ಯುಸಿ'
ಅಬಾರ್ಟ್ 'ನೋ ಕ್ಯಾರಿಯರ್'
'' 'ಎಟಿಝಡ್'
'ಓಕೆ' 'ಎಟಿಡಿಟಿ' ಮತ್ತು ನಂಬರು
'ಕನೆಕ್ಟ್' ''
'ಓಗಿನ್:' ಬಳಕೆದಾರನ ಹೆಸರು
'ಎಸ್‌ವರ್ಡ್:' ಪಾಸ್‌ವರ್ಡ್

ಮೂರನೆಯ ಸಾಲಿನ ಖಾಲಿ ಉದ್ಧರಣ ಚಿಹ್ನೆಗೆ 'ಏನನ್ನೂ ಕಾಯಬೇಡ, ನೀನೇ ಮೊದಲು ಮಾತಾಡು' ಎಂಬ ಅರ್ಥ. ಮೋಡೆಮ್ ತಾನಾಗಿ ಬಾಯಿ ಬಿಡುವುದಿಲ್ಲವಲ್ಲ. 'ಎಟಿಝಡ್' ಎಂದರೆ ರೀಸೆಟ್ ಆಗು ಎಂದರ್ಥ. ಐದನೆಯ ಸಾಲಿನಲ್ಲಿ ಖಾಲಿ ಚಿಹ್ನೆ ಕಳಿಸುವ ಜಾಗದಲ್ಲಿದೆ. ಆಗ ಬರಿಯ ಎಂಟರ್ ಕೀ ಒತ್ತಿದಂತೆ. ಅದೂ ಬೇಡವೆಂದರೆ '\ಸಿ' ಎಂದು ಬರೆಯಬೇಕು. '\ಡಿ' ಬರೆದರೆ ಒಂದು ಸೆಕೆಂಡ್ ತಡೆ, '\ಪಿ' ಬರೆದರೆ ಸೆಕೆಂಡಿನ ಹತ್ತನೇ ಒಂದು ಭಾಗ.

ಆರನೆಯ ಸಾಲಿನಲ್ಲಿ ಮುದ್ರಣದೋಷ ಕಂಡಿತೇ? ದೋಷವಲ್ಲ. 'ಲಾಗಿನ್' ಪದದ ಮೊದಲಕ್ಷರವಾದ 'ಎಲ್' ಅನ್ನು ಬೇಕೆಂದೇ ಬಿಟ್ಟಿರುತ್ತಾರೆ. ಕೆಲವು ಯಂತ್ರಗಳು ಅದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಕೆಲವು ಚಿಕ್ಕಕ್ಷರದಲ್ಲಿ. ಚಾಟ್ ಪ್ರೋಗ್ರಾಮಿಗೆ ಎರಡೂ ಬೇರೆ ಬೇರೆ. ಸಾಲದ್ದಕ್ಕೆ ಲೈನು ಕೂಡಿಕೊಂಡ ಹೊಸತರಲ್ಲಿ ಗದ್ದಲಕ್ಕೆ ಸಿಕ್ಕಿ ಮೊದಲಕ್ಷರ ಕಳೆದುಹೋಗುವುದೂ ಉಂಟು. ಹೇಗೆ ಬಂದರೂ ಉಳಿದ ನಾಲ್ಕು ಅಕ್ಷರ ಮತ್ತು ಕೋಲನ್ ಸಿಕ್ಕರೆ ಸಾಕು. 'ಪಾಸ್‌ವರ್ಡ್' ಪದದ ತಲೆ ಕತ್ತರಿಸಿರುವುದೂ ಇದೇ ಕಾರಣಕ್ಕೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಜಾಣತನ ಇದು. ಯಾವ ಪಠ್ಯಪುಸ್ತಕವೂ ಕಲಿಸಿಕೊಟ್ಟದ್ದಲ್ಲ, ಕೆಟ್ಟ ಲೈನುಗಳು ಕಲಿಸಿದ್ದು.

ಇದರ ಇನ್ನೊಂದು ರೂಪ 'ಓಗಿನ್:--ಓಗಿನ್:'. ಮೊದಲು ಲಾಗಿನ್ ಸಾಲಿಗೆ ಕಾಯಿ, ಬರದಿದ್ದರೆ ಎಂಟರ್ ಒತ್ತು, ಮತ್ತೆ ಕಾಯಿ ಎಂದು ಇದರರ್ಥ. ಎರಡು ಅಡ್ಡಗೆರೆಗಳ ನಡುವೆ 'ಬ್ರೇಕ್' ಎಂದು ಬರೆದರೆ ಎಂಟರ್ ಬದಲು ಬ್ರೇಕ್ ಸಂಕೇತ ಹೋಗುತ್ತದೆ. ಆ ಕಡೆ ಕರೆ ತೆಗೆದುಕೊಂಡು ಲಾಗಿನ್ ಕೇಳುವ ಗೆಟ್ಟಿ ಪ್ರೋಗ್ರಾಮು ಬ್ರೇಕ್ ಬಂದಾಗಲೆಲ್ಲ ತನ್ನ ವೇಗ ಬದಲಿಸಿ ನೋಡುತ್ತಿತ್ತು. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಕಸ ಬಂತೇ, ಬ್ರೇಕ್ ಕಳಿಸು, 300ರಲ್ಲಿ ಸಿಗಬಹುದು. ಷರತ್ತು ಹಾಕುವ ಸೌಲಭ್ಯವೇ ಇಲ್ಲದ ಭಾಷೆಯಲ್ಲಿ ಷರತ್ತಿಗೆ ಇಷ್ಟೇ ಜಾಗ.

'ಅಬಾರ್ಟ್' ಸಾಲುಗಳು ಮಾತುಕತೆಯ ಭಾಗವಲ್ಲ, ಕಾವಲು. ಆ ಪದಗಳು ಎಲ್ಲೇ ಕಂಡರೂ ಕೆಲಸ ನಿಲ್ಲಿಸು ಎಂದು ಅವು ಹೇಳುತ್ತವೆ. ಇವಿಲ್ಲದಿದ್ದರೆ ಬ್ಯುಸಿ ಟೋನ್ ಬಂದರೂ ಪ್ರೋಗ್ರಾಮು 'ಕನೆಕ್ಟ್' ಬರಲಿ ಎಂದು ಕೂತಿರುತ್ತದೆ, ಅವಧಿ ಮುಗಿಯುವ ತನಕ. ಫೋನ್ ಲೈನಿನ ಮೇಲೆ ಇಂಟರ್‌ನೆಟ್ ಓಡಿಸುವ ಪಿಪಿಪಿ ಜೊತೆ ಬರುವ ಚಾಟ್ ಪ್ರೋಗ್ರಾಮಿನಲ್ಲಿ ಆ ಅವಧಿ, ನೀವು ಬೇರೆ ಹೇಳದಿದ್ದರೆ, 45 ಸೆಕೆಂಡ್.

ಈ ಕ್ರಮ ಮೋಡೆಮ್‌ಗಾಗಿಯೇ ಹುಟ್ಟಿದ್ದಲ್ಲ, ಹೇಯ್ಸ್‌ಗಿಂತ ಹಳೆಯದು. ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ 1970ರ ದಶಕದ ಕೊನೆಯಲ್ಲಿ ಬರೆದ ಯುಯುಸಿಪಿ, 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಹೊರಬಂತು. ಒಂದು ಯಂತ್ರ ರಾತ್ರಿ ಹೊತ್ತಲ್ಲಿ ಇನ್ನೊಂದಕ್ಕೆ ಫೋನು ಮಾಡಿ, ಮನುಷ್ಯನ ಹಾಗೆಯೇ ಲಾಗಿನ್ ಆಗಿ, ಫೈಲು ಮತ್ತು ಮೇಲ್ ಕೊಟ್ಟು ತೆಗೆದುಕೊಂಡು ಫೋನಿಡುವ ವ್ಯವಸ್ಥೆ ಅದು. ಆ ಲಾಗಿನ್ ಮಾತುಕತೆಯನ್ನು 'ಎಲ್.ಸಿಸ್' ಎಂಬ ಫೈಲಿನಲ್ಲಿ, ಯಂತ್ರದ ಹೆಸರು, ಕರೆ ಮಾಡಬಹುದಾದ ಹೊತ್ತು, ಪೋರ್ಟು, ವೇಗ, ಫೋನ್ ನಂಬರುಗಳ ಪಕ್ಕದಲ್ಲೇ ಬರೆಯುತ್ತಿದ್ದರು. ಮುಂದೆ 1983ರಲ್ಲಿ ಪೀಟರ್ ಹನಿಮನ್, ಡೇವಿಡ್ ನೋವಿಟ್ಜ್, ಬ್ರಯಾನ್ ರೆಡ್‌ಮನ್ ಅದನ್ನು ಮತ್ತೆ ಬರೆದಾಗ ಕೆಲಸ ಹಂಚಿಹೋಯಿತು. 'ಸಿಸ್ಟಮ್ಸ್' ಫೈಲಿನಲ್ಲಿ ಯಾರ ಜೊತೆ ಹೇಗೆ ಲಾಗಿನ್ ಆಗಬೇಕೆಂಬುದು, 'ಡಿವೈಸಸ್' ಫೈಲಿನಲ್ಲಿ ಯಾವ ಪೋರ್ಟಿಗೆ ಯಾವ ಮೋಡೆಮ್ ಎಂಬುದು, 'ಡಯಲರ್ಸ್' ಫೈಲಿನಲ್ಲಿ ಆ ಮೋಡೆಮ್ ಜೊತೆ ಆಡುವ ಮಾತು. ಅಂದರೆ ಚಾಟ್ ಸ್ಕ್ರಿಪ್ಟ್ ಎರಡಾಯಿತು. ಒಂದು ಮೋಡೆಮ್ ಜೊತೆ, ಇನ್ನೊಂದು ದೂರದ ಯಂತ್ರದ ಜೊತೆ. ಹೊಸ ಮೋಡೆಮ್ ಕೊಂಡರೆ ಮೊದಲನೆಯದನ್ನು ಮಾತ್ರ ತಿದ್ದಿದರೆ ಆಯಿತು. ಯುನಿಕ್ಸ್‌ನ ರೂಪಗಳೇ ಆದ ಸನ್ ಕಂಪನಿಯ ಸೋಲಾರಿಸ್‌ನಲ್ಲಿಯೂ ಸಿಲಿಕಾನ್ ಗ್ರಾಫಿಕ್ಸ್‌ನ ಐರಿಕ್ಸ್‌ನಲ್ಲಿಯೂ ಇದೇ ಮೂರು ಫೈಲುಗಳು.

ವರ್ಕ್‌ಸ್ಟೇಷನ್ ಇಟ್ಟುಕೊಂಡವರಿಗೆ ನಿಜವಾದ ತಲೆನೋವು ಶುರುವಾಗುತ್ತಿದ್ದುದು ಒಂದೇ ಮೋಡೆಮ್‌ನಿಂದ ಹೊರಗೆ ಕರೆ ಮಾಡಲೂ ಬೇಕು, ಹೊರಗಿನವರ ಕರೆ ತೆಗೆದುಕೊಳ್ಳಲೂ ಬೇಕು ಎಂದಾಗ. ಕರೆ ಮಾಡುವ ಸ್ಕ್ರಿಪ್ಟಿಗೆ ಮೋಡೆಮ್ ಬಾಯಿ ಬಿಟ್ಟು 'ಓಕೆ', 'ಕನೆಕ್ಟ್' ಎನ್ನಲೇಬೇಕು. ಕರೆ ತೆಗೆದುಕೊಳ್ಳುವ ಗೆಟ್ಟಿಗೆ ಅದು ಬಾಯಿ ಮುಚ್ಚಿಕೊಂಡಿರಬೇಕು. ಮುಚ್ಚದಿದ್ದರೆ ಏನಾಗುತ್ತದೆ? ಗೆಟ್ಟಿ 'ಲಾಗಿನ್:' ಎಂದು ಬರೆಯುತ್ತದೆ. ಆಜ್ಞೆಗೆ ಕಾದಿರುವ ಮೋಡೆಮ್ ತನಗೆ ಬಂದದ್ದನ್ನೆಲ್ಲ ಹಾಗೇ ತಿರುಗಿ ಒಪ್ಪಿಸುತ್ತದೆ. ಗೆಟ್ಟಿ ಅದನ್ನು ಯಾರೋ ಬರೆದ ಹೆಸರು ಎಂದುಕೊಂಡು ಪಾಸ್‌ವರ್ಡ್ ಕೇಳುತ್ತದೆ. ಮೋಡೆಮ್ ಅದನ್ನೂ ಒಪ್ಪಿಸುತ್ತದೆ. 'ತಪ್ಪು ಲಾಗಿನ್' ಎಂಬ ಸಾಲೂ ಹೋಗಿ ಬರುತ್ತದೆ. ಮನುಷ್ಯರಿಲ್ಲದ ಕೋಣೆಯಲ್ಲಿ ಇವೆರಡು ಹೀಗೆ ಬೆಳಗಿನ ತನಕ ಹರಟುತ್ತ ಸಿಪಿಯು ತಿಂದು, ಲಾಗ್ ಫೈಲು ತುಂಬಿಸುತ್ತಿದ್ದವು.

ಪರಿಹಾರ ಮೋಡೆಮ್‌ನ ಒಳಸ್ಮೃತಿಯಲ್ಲಿ. ಮಾಮೂಲಿ ಸ್ಥಿತಿಯಲ್ಲಿ ಎಕೋ (ಬಂದದ್ದನ್ನು ತಿರುಗಿ ಒಪ್ಪಿಸುವುದು) ಬೇಡ, ಅದು 'ಇ0'. ಉತ್ತರ ಬೇಡ, ಅದು 'ಕ್ಯು1'. ಇವನ್ನು '&ಡಬ್ಲ್ಯು' ಆಜ್ಞೆಯಿಂದ ಉಳಿಸಿಡಬೇಕು. ಹೊರಗೆ ಕರೆ ಮಾಡುವಾಗ ಡಯಲರ್ಸ್ ಸ್ಕ್ರಿಪ್ಟಿನ ಮೊದಲ ಮಾತಿನಲ್ಲೇ 'ಕ್ಯು0' ಎಂದು ಬಾಯಿ ಬಿಡಿಸಬೇಕು. ಕೆಲಸ ಮುಗಿದಾಗ ಕಂಪ್ಯೂಟರು ತಾನು ಸಿದ್ಧವೆಂದು ಮೋಡೆಮ್‌ಗೆ ತಿಳಿಸುವ ಡಿಟಿಆರ್ ತಂತಿಯನ್ನು ಇಳಿಸುತ್ತದೆ; '&ಡಿ3' ಇದ್ದರೆ ಮೋಡೆಮ್ ಅದನ್ನು ಕಂಡು ರೀಸೆಟ್ ಆಗಿ ಉಳಿಸಿಟ್ಟ ಮೌನಕ್ಕೆ ಮರಳುತ್ತದೆ. '&ಸಿ1' ಕೂಡ ಇರಲೇಬೇಕು. ಕ್ಯಾರಿಯರ್ ನಿಜವಾಗಿ ಇದ್ದಾಗ ಮಾತ್ರ ಕ್ಯಾರಿಯರ್ ತಂತಿ ಮೇಲಿರಲಿ ಎಂಬ ಆಜ್ಞೆ ಅದು. ಅದಿಲ್ಲದಿದ್ದರೆ ಕರೆ ಕಡಿದದ್ದು ಯುನಿಕ್ಸ್‌ಗೆ ತಿಳಿಯುವುದಿಲ್ಲ, ಮುಂದೆ ಫೋನು ಮಾಡಿದವರು ಹಿಂದಿನವರ ಶೆಲ್ಲಿನೊಳಗೇ ಇಳಿಯುತ್ತಾರೆ. ಮೋಡೆಮ್ ಹೊಂದಿಸುವುದನ್ನು ಸದ್ದು ಕಡಿಮೆ ಮಾಡುವಷ್ಟೇ ಹಗುರವಾದ ಕೆಲಸ ಎಂದುಕೊಂಡವರು ಇಲ್ಲಿ ಕೆಟ್ಟದಾಗಿ ಎಡವುತ್ತಿದ್ದರು.

ಕ್ಯಾರಿಯರ್ ತಂತಿಯ ಈ ಶಿಸ್ತು ಇನ್ನೊಂದು ತೊಡಕು ತಂದಿಡುತ್ತದೆ. ಸೀರಿಯಲ್ ಪೋರ್ಟನ್ನು ತೆರೆಯಲು ಹೋದ ಪ್ರೋಗ್ರಾಮು ಕ್ಯಾರಿಯರ್ ಬರುವ ತನಕ ನಿಂತಿರುತ್ತದೆ. ಡಯಲ್ ಮಾಡದೆ ಕ್ಯಾರಿಯರ್ ಬರದು, ಪೋರ್ಟು ತೆರೆಯದೆ ಡಯಲ್ ಮಾಡಲಾಗದು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಸನ್ ಯಂತ್ರಗಳು ಇದಕ್ಕೆ ಒಂದೇ ಪೋರ್ಟಿಗೆ ಎರಡು ಹೆಸರು ಕೊಟ್ಟವು. 'ಟರ್ಮ್' ಡೈರೆಕ್ಟರಿಯ ಹೆಸರಿನಲ್ಲಿ ತೆರೆದರೆ ಕಾಯುತ್ತದೆ, 'ಕ್ಯುವಾ' ಹೆಸರಿನಲ್ಲಿ ತೆರೆದರೆ ಕಾಯದೆ ಒಳಗೆ ಬಿಡುತ್ತದೆ. ಸಿಲಿಕಾನ್ ಗ್ರಾಫಿಕ್ಸ್‌ನವರು ಮೂರು ಹೆಸರಿಟ್ಟರು: ಸಾದಾ ಟರ್ಮಿನಲ್‌ಗೆ 'ಟಿಟಿವೈಡಿ', ಮೋಡೆಮ್‌ಗೆ 'ಟಿಟಿವೈಎಂ', ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಬೇಕಾದ ವೇಗದ ಮೋಡೆಮ್‌ಗೆ 'ಟಿಟಿವೈಎಫ್'. ಮೋಡೆಮ್ ಕಂಪನಿಗೊಂದು ಮಾದರಿಯ ಆಜ್ಞೆಗಳಿದ್ದುದರಿಂದ, ಐರಿಕ್ಸ್ ಜೊತೆಗೆ 'ಫಿಕ್ಸ್' ಎಂದು ಶುರುವಾಗುವ ಸ್ಕ್ರಿಪ್ಟುಗಳು ಬರುತ್ತಿದ್ದವು: ಹೇಯ್ಸ್‌ಗೆ ಒಂದು, ಟೆಲಿಬಿಟ್‌ಗೆ ಒಂದು, ಹೀಗೆ. ಓಡಿಸಿದರೆ ಮೋಡೆಮ್‌ನ ಒಳಸ್ಮೃತಿ ತಾನಾಗಿ ಹೊಂದಿಕೊಳ್ಳುತ್ತಿತ್ತು.

ಭಾರತದಲ್ಲಿ ಈ ಮಾತುಕತೆಗಳು ಮೊದಲು ನಡೆದದ್ದು ಶಿಕ್ಷಣ ಸಂಸ್ಥೆಗಳ ನಡುವೆ. 1986ರಲ್ಲಿ ಶುರುವಾದ, ಶಿಕ್ಷಣ ಮತ್ತು ಸಂಶೋಧನಾ ಜಾಲವಾದ ಎರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅದರ ಆರಂಭದ ದಿನಗಳಲ್ಲಿ ಇಮೇಲ್ ಓಡಾಡಿದ್ದು ಡಯಲ್ ಮಾಡುವ ಯುಯುಸಿಪಿಯಲ್ಲಿ. ಸಾರ್ವಜನಿಕರಿಗೆ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಮೊದಲಿಗೆ ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗಳಲ್ಲಿ. ನಮ್ಮ ಲೈನುಗಳಿಗೆ ತಕ್ಕಂತೆ ಸ್ಕ್ರಿಪ್ಟನ್ನೂ ತಿದ್ದಬೇಕಿತ್ತು. ಹಳೆಯ ಎಕ್ಸ್‌ಚೇಂಜಿನ ಊರುಗಳಲ್ಲಿ ಟೋನ್ ನಡೆಯುತ್ತಿರಲಿಲ್ಲ, 'ಎಟಿಡಿಟಿ' ಬದಲು ಪಲ್ಸ್‌ನ 'ಎಟಿಡಿಪಿ' ಬೇಕು. ಮೋಡೆಮ್‌ಗೆ ಇಲ್ಲಿನ ಡಯಲ್ ಟೋನ್ ಗುರುತು ಸಿಗದೆ 'ನೋ ಡಯಲ್‌ಟೋನ್' ಎಂದು ಹಟ ಹಿಡಿದರೆ 'ಎಕ್ಸ್3' ಸೇರಿಸಬೇಕು. ಆಗ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಕಚೇರಿಯ ಪಿಬಿಎಕ್ಸ್ (ಒಳಗಿನ ಪುಟ್ಟ ಎಕ್ಸ್‌ಚೇಂಜ್) ಹಿಂದಿದ್ದರೆ ಹೊರ ಲೈನಿನ ಸೊನ್ನೆಯಾದ ಮೇಲೊಂದು ಅಲ್ಪವಿರಾಮ: ಮೋಡೆಮ್ ಭಾಷೆಯಲ್ಲಿ ಎರಡು ಸೆಕೆಂಡ್ ವಿರಾಮ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು. ಚಾಟ್ ಆಜ್ಞೆಯ ಸಾಲಿನಲ್ಲೇ ಅದನ್ನು ಬರೆದರೆ ಅದೇ ಯಂತ್ರದಲ್ಲಿರುವ ಯಾರು ಪಿಎಸ್ (ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಆಜ್ಞೆ) ಓಡಿಸಿದರೂ ಕಾಣಬಹುದು. ಬೇರೆ ಫೈಲಿನಲ್ಲಿಟ್ಟು, ಒಡೆಯನಿಗೆ ಮಾತ್ರ ಓದುವ ಅನುಮತಿ ಕೊಡಬೇಕು. ಲಾಗ್‌ನಲ್ಲಿ ಬೀಳದಂತೆ '\ಕ್ಯು' ಹಾಕಬೇಕು. ಪಿಪಿಪಿಯೊಳಗೇ ಗುರುತು ಪರೀಕ್ಷಿಸುವ ಪಾಪ್ ಮತ್ತು ಚಾಪ್ ವಿಧಾನಗಳು ಬಂದ ಮೇಲೆ ಸ್ಕ್ರಿಪ್ಟಿನ ಲಾಗಿನ್ ಭಾಗವೇ ಉದುರಿಹೋಯಿತು, ಉಳಿದದ್ದು 'ಕನೆಕ್ಟ್' ತನಕದ ಮಾತು. ಕಾದು–ಕಳಿಸುವ ಕ್ರಮ ಮಾತ್ರ ಬೇರೆ ಕಡೆ ಬೆಳೆಯಿತು: 1990ರಲ್ಲಿ ಡಾನ್ ಲೈಬ್ಸ್ ಬರೆದ ಎಕ್ಸ್‌ಪೆಕ್ಟ್, ಇದಕ್ಕೆ ಟಿಸಿಎಲ್ ಭಾಷೆಯ ಲೂಪು, ಷರತ್ತುಗಳನ್ನೆಲ್ಲ ಕೊಟ್ಟು ಯಾವ ಪ್ರೋಗ್ರಾಮಿನ ಜೊತೆಗೂ ಮಾತಾಡುವ ಹಾಗೆ ಮಾಡಿತು.

ಟೆಲಿಫೋನ್ ಲೈನು ಹೋದರೂ ಎಟಿ ಆಜ್ಞೆಗಳು ಹೋಗಿಲ್ಲ. ಯುಎಸ್‌ಬಿ ಡೇಟಾ ಕಾರ್ಡುಗಳ ಕಾಲದಲ್ಲಿ ಲಿನಕ್ಸ್ ಬಳಸುತ್ತಿದ್ದವರಿಗೆ ಸಿಡಿಎಂಎ ಕಾರ್ಡಿಗೆ '#777', ಜಿಎಸ್‌ಎಂ ಕಾರ್ಡಿಗೆ '*99#' ಎಂಬ ನಂಬರುಗಳು ನೆನಪಿರಬಹುದು. ಅವುಗಳ ಹಿಂದೆ ಇದ್ದದ್ದು ಇದೇ ಬಗೆಯ ಸ್ಕ್ರಿಪ್ಟು. ವಿದ್ಯುತ್ ಮೀಟರು, ವಾಹನ ಟ್ರ್ಯಾಕರುಗಳೊಳಗಿನ ಸಿಮ್ ಮಾಡ್ಯೂಲ್‌ಗಳನ್ನು ಇಂದೂ ಹೀಗೆಯೇ ಮಾತಾಡಿಸುವುದುಂಟು. ಹೊಸದಾಗಿ ಬರೆಯುವವರು ಒಂದು ವ್ಯತ್ಯಾಸ ಗಮನಿಸಬೇಕು. ಹಳೆಯ ಮೋಡೆಮ್‌ಗೆ ಎಷ್ಟು ಸಲ ತಪ್ಪು ಹೇಳಿದರೂ 'ಎರರ್' ಎಂದು ಸುಮ್ಮನಾಗುತ್ತಿತ್ತು. ಸಿಮ್‌ಗೆ ಮೂರು ಸಲ ತಪ್ಪು ಪಿನ್ ಹೋದರೆ ಅದು ಬೀಗ ಹಾಕಿಕೊಂಡು, ಬೀಗ ತೆಗೆಯುವ ಸಂಖ್ಯೆಯಾದ ಪಿಯುಕೆ ಕೇಳುತ್ತದೆ. ಸೋತಾಗಲೆಲ್ಲ ಮೊದಲಿನಿಂದ ಶುರುಮಾಡುವ ಸ್ಕ್ರಿಪ್ಟು ಅಷ್ಟು ಕೆಲಸವನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತದೆ. ಆದ್ದರಿಂದ ಪಿನ್ ಕಳಿಸುವ ಮೊದಲು 'ಎಟಿ+ಸಿಪಿನ್?' ಎಂದು ಕೇಳಿ. 'ರೆಡಿ' ಎಂದರೆ ಪಿನ್ ಕಳಿಸುವ ಸಾಲೇ ಬೇಡ. ಪಿನ್ ಕಳಿಸಿದ ಮೇಲೆ 'ಎರರ್' ಬಂದರೆ ಮರುಪ್ರಯತ್ನ ಬೇಡ, ಅಲ್ಲೇ ಅಬಾರ್ಟ್.