ಕ್ಲೋರಿನ್ ಹಾಕಿದರೆ ಹಾರ್ಮೋನ್ ಹೋಗುತ್ತಾ?

ಪ್ರಶ್ನೆ: ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ) ಶುದ್ಧ ಮಾಡಿದ ಮೇಲೂ ಕೊಳಚೆ ನೀರಿನಲ್ಲಿ ಹಾರ್ಮೋನ್ ಕೆಡಿಸುವ ರಾಸಾಯನಿಕ ಉಳಿಯುತ್ತಾ? ಕೊನೆಗೆ ಕ್ಲೋರಿನ್ ಹಾಕ್ತಾರಲ್ವಾ?

ಉತ್ತರ: ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಈ ‘ಕ್ಲೋರಿನ್ ಹಾಕ್ತಾರಲ್ವಾ’ ಇದೆಯಲ್ಲ, ಎಷ್ಟು ಸಲ ಬರೆದರೂ ಮತ್ತೆ ಬಂದು ನಿಲ್ಲುತ್ತದೆ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಕ್ಲೋರಿನ್ ಹಾಕುವುದು ರೋಗಾಣು ಕೊಲ್ಲಲು. ನೀವು ಕೇಳಿದ ರಾಸಾಯನಿಕಗಳಲ್ಲಿ ಒಂದಾದ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್, ಬರೀ ಒಂದು ರಾಸಾಯನಿಕ. ಜೀವವೇ ಇಲ್ಲದ್ದು ಸಾಯುವುದಾದರೂ ಹೇಗೆ? ‘ಸಾಯದಿದ್ದರೆ ಒಡೆಯಬಹುದಲ್ಲ’ ಅನ್ನುತ್ತೀರಿ. ತಿಳಿನೀರಿನಲ್ಲಿ ಕ್ಲೋರಿನ್ ಅದರ ಮೇಲೆ ಕೆಲಸ ಮಾಡುತ್ತದೆ, ನಿಜ. ಆದರೆ ಮೊದಲು ಆಗುವುದು ಅಣುವಿಗೆ ಕ್ಲೋರಿನ್ ಅಂಟಿಕೊಳ್ಳುವುದು, ಅಣು ಚೂರಾಗುವುದಲ್ಲ. ನೀರಿನಲ್ಲಿ ಅಮೋನಿಯ ಉಳಿದಿದ್ದರಂತೂ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಅದು ಹಾರ್ಮೋನ್ ತಂಟೆಗೆ ಹೋಗುವುದು ಬಲು ನಿಧಾನ.

‘ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ’ ಅನ್ನುವುದೂ ಸಾಕ್ಷಿಯಲ್ಲ. ಇಲ್ಲಿ ಲೆಕ್ಕ ನ್ಯಾನೊಗ್ರಾಂನಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಕೆನಡಾದ ಒಂದು ಪ್ರಾಯೋಗಿಕ ಕೆರೆಗೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೆರೆಸಿದರು. ಲೀಟರಿಗೆ ಇದ್ದದ್ದು 5–6 ನ್ಯಾನೊಗ್ರಾಂ, ಅಷ್ಟೇ. ಅಲ್ಲಿನ ಒಂದು ಜಾತಿಯ ಸಣ್ಣ ಮೀನು ಹೆಚ್ಚುಕಡಿಮೆ ನಿರ್ನಾಮವಾಯಿತು.

ನಿಜವಾದ ಕೆಲಸ ನಡೆಯುವುದು ಗಾಳಿ ಊದುವ ತೊಟ್ಟಿಯಲ್ಲಿ, ಬ್ಯಾಕ್ಟೀರಿಯಾಗಳಿಂದ. ನಮ್ಮ ದೇಹ ಹಾರ್ಮೋನಿಗೆ ಸಕ್ಕರೆ ಜಾತಿಯ ಒಂದು ಆಮ್ಲ ಅಂಟಿಸಿ, ಸುಮ್ಮನಾಗಿಸಿ ಹೊರಗೆ ಕಳಿಸುತ್ತದೆ. ಚರಂಡಿಯ ಇ-ಕೊಲೈ ಬ್ಯಾಕ್ಟೀರಿಯಾ ಆ ಆಮ್ಲವನ್ನು ಕತ್ತರಿಸಿ ಹಾಕುತ್ತದೆ. ಹಾರ್ಮೋನ್ ಮತ್ತೆ ಚುರುಕಾಗುತ್ತದೆ! ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ನಿಧಾನಕ್ಕೆ ಬೆಳೆಯುವಂಥವು. ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳಿರುವ ಕೆಸರು ಹತ್ತು ದಿನವಾದರೂ ಉಳಿದರೆ ಅವು ನೆಲೆಯೂರುತ್ತವೆ. ಬೇಗ ಬೇಗ ಕೆಸರು ತೆಗೆದುಬಿಟ್ಟರೆ ಕೆಲಸ ಕೆಟ್ಟಂತೆ. ಸಹಜ ಈಸ್ಟ್ರೋಜನ್‌ಗಳು ಸುಲಭವಾಗಿ ಒಡೆದುಹೋಗುತ್ತವೆ, ಮಾತ್ರೆಯದ್ದು ಮೊಂಡು. ಉಳಿದದ್ದಕ್ಕೆ ಓಜೋನ್ ಇಲ್ಲವೇ ಸಕ್ರಿಯ ಇದ್ದಿಲು ಬೇಕು. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಿಗೆ ಇಂಥ ಹೆಚ್ಚುವರಿ ಹಂತ ಕಡ್ಡಾಯ ಮಾಡಿದೆ.

ಇನ್ನು ಯಾರೂ ಕೇಳದ ಪ್ರಶ್ನೆ: ನೀರಿನಿಂದ ‘ಹೋಯಿತು’ ಅಂದರೆ ಎಲ್ಲಿಗೆ? ಒಂದಷ್ಟು ಕೆಸರಿಗೆ. ಈಸ್ಟ್ರೋಜನ್ ಹಾಗೆ ವರ್ತಿಸುವ ನೋನೈಲ್‌ಫಿನಾಲ್ ಎಂಬ ರಾಸಾಯನಿಕ ನೋಡಿ. ಕೆಲವು ಮಾರ್ಜಕಗಳು ಅರ್ಧಂಬರ್ಧ ಒಡೆದಾಗ ಘಟಕದೊಳಗೇ ಅದು ಹುಟ್ಟಿ ಕೆಸರಿಗೆ ಅಂಟುತ್ತದೆ. ಬಯೋಗ್ಯಾಸ್ ತೊಟ್ಟಿಯಲ್ಲಿ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಅಲ್ಲಿ ಅದು ಕೊಳೆಯದೆ ಕೂತುಬಿಡುತ್ತದೆ. ಅದೇ ಕೆಸರಿಗೆ ಚೆನ್ನಾಗಿ ಗಾಳಿಯಾಡಿಸಿ ಕಾಂಪೋಸ್ಟ್ ಮಾಡಿದರೆ ಸಾಕಷ್ಟು ಕಡಿಮೆಯಾಗುತ್ತದೆ.