ಜನವರಿಯ ಕಾಶ್ಮೀರಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಬೇಕಾ?

ಪ್ರಶ್ನೆ: ಜನವರಿಯಲ್ಲಿ ನಾವು ಐದು ಮಂದಿ ಶ್ರೀನಗರ, ಗುಲ್ಮಾರ್ಗ್ ನೋಡಲು ಹೊರಟಿದ್ದೇವೆ. ಮುಂಬಯಿಯಿಂದ ವಿಮಾನ, ಅಲ್ಲಿ ಹೋಟೆಲು, ಟ್ಯಾಕ್ಸಿ, ಎಲ್ಲಕ್ಕೂ ದುಡ್ಡು ಕಟ್ಟಿ ಆಗಿದೆ. ಬಿಪಿ ಇರುವ ಅತ್ತೆಯೂ ಜೊತೆಗಿದ್ದಾರೆ. ಏಜೆಂಟರು ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ ಅಂತಾರೆ. ಮನೆಮಂದಿಗೆಲ್ಲ ಹೆಲ್ತ್ ಪಾಲಿಸಿ ಇದೆಯಲ್ಲ, ಮತ್ತೆ ಇದ್ಯಾಕೆ?
– ಡೊಂಬಿವಲಿಯ ಓದುಗರು

ಉತ್ತರ: ನಿಮ್ಮ ಪ್ರವಾಸಕ್ಕೆ ಮಾಡಿಸಿ ಎಂದೇ ಹೇಳುತ್ತೇನೆ. ಆದರೆ ಅದು ಆಸ್ಪತ್ರೆ ಬಿಲ್ಲಿಗಾಗಿ ಅಲ್ಲ. ನಿಮ್ಮ ಹೆಲ್ತ್ ಪಾಲಿಸಿ ಡೊಂಬಿವಲಿಯಲ್ಲಿ ನಡೆಯುವಂತೆ ಶ್ರೀನಗರದಲ್ಲೂ ನಡೆಯುತ್ತದೆ. ಅಡ್ಮಿಟ್ ಆಗುವಂಥ ಕಾಯಿಲೆ, ಪೆಟ್ಟು ಏನಾದರೂ ಆದರೆ ಮೊದಲು ಕೈಗೆ ಬರುವುದು ಅದೇ. ಅದು ನೋಡಿಕೊಳ್ಳದೇ ಬಿಡುವುದು ಹವಾಮಾನವನ್ನು.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ಸುಮಾರು 40 ದಿನಗಳಿಗೆ ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಚಳಿಗಾಲದ ಅತಿ ಕಠಿಣ ದಿನಗಳು ಅವು, ನೀವು ಹೋಗುವುದೂ ಆಗಲೇ. ಹಿಮ ಬಿದ್ದರೆ, ಮಂಜು ಕವಿದರೆ ವಿಮಾನ ರದ್ದಾಗುತ್ತದೆ. ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮದಂತೆ ವಿಮಾನ ಕಂಪನಿ ಟಿಕೆಟ್ ಹಣ ವಾಪಸ್ ಕೊಡಬೇಕು, ಇಲ್ಲವೇ ಬೇರೆ ವಿಮಾನದಲ್ಲಿ ಕಳಿಸಬೇಕು. ಹವಾಮಾನ ಅವರ ಕೈಯಲ್ಲಿಲ್ಲವಾದ್ದರಿಂದ ಪರಿಹಾರಧನ ಸಿಗುವುದಿಲ್ಲ. ಹೋಟೆಲಿಗೂ ಟ್ಯಾಕ್ಸಿಗೂ ಕಟ್ಟಿದ ದುಡ್ಡಿಗೆ ಅವರು ಹೊಣೆಯಲ್ಲ. ವಾಪಸ್ ಬರುವಾಗ ಸಿಕ್ಕಿಬಿದ್ದರಂತೂ ಇನ್ನೂ ಕಷ್ಟ. ದಾರಿಯಲ್ಲಿ ರಾಂಬನ್, ಬನಿಹಾಲ್ ಕಡೆ ಗುಡ್ಡ ಕುಸಿದರೆ ಜಮ್ಮು ಹೆದ್ದಾರಿಯೂ ಬಂದ್. 2025ರ ಜೂನ್‌ನಿಂದ ಶ್ರೀನಗರ–ಕಟ್ರಾ ರೈಲು ಓಡುತ್ತಿದೆ ನಿಜ, ಆದರೆ ಎಲ್ಲರೂ ಒಮ್ಮೆಗೇ ಅದಕ್ಕೆ ಮುಗಿಬಿದ್ದಾಗ ಐದು ಸೀಟು ಸಿಗಬೇಕಲ್ವಾ? ಐದು ಮಂದಿಗೆ ಎರಡು ರಾತ್ರಿ ಜಾಸ್ತಿ ರೂಮು, ಊಟ, ಹೊಸ ಟಿಕೆಟ್ಟು ಅಂತ ಸುಮ್ನೆ ಲೆಕ್ಕ ಹಾಕಿ ನೋಡಿ. ಪ್ರೀಮಿಯಂ ಅನ್ನು ಆ ಮೊತ್ತದ ಪಕ್ಕದಲ್ಲಿಟ್ಟು ತೂಗಿ.

ಹಾಗಂತ ಎಲ್ಲರಿಗೂ ಬೇಕು ಅಂತಲ್ಲ. ಮನಾಲಿಗೆ ರೈಲು, ಬಸ್ಸಿನಲ್ಲಿ ಹೋಗಿ, ಹಿಂದಿನ ದಿನದವರೆಗೂ ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ಹೋಟೆಲಿನಲ್ಲಿ ಉಳಿಯುವ, ಹೆಲ್ತ್ ಪಾಲಿಸಿ ಇರುವ ಗಂಡ ಹೆಂಡತಿಗೆ ನಾನು ಬೇಡ ಎನ್ನುತ್ತೇನೆ. ರೈಲು ಟಿಕೆಟ್ ಜೊತೆ ಸಿಗುವ 45 ಪೈಸೆಯ ವಿಮೆಯನ್ನು ಮಾತ್ರ ಟಿಕ್ ಮಾಡಲಿ. ಅದು ರೈಲು ಅಪಘಾತದಂಥ ಅವಘಡಕ್ಕಷ್ಟೇ, ರೈಲು ತಡವಾದದ್ದಕ್ಕಲ್ಲ.

ಇನ್ನು ಗುಲ್ಮಾರ್ಗ್. ಮಕ್ಕಳು ಸ್ಲೆಡ್ಜ್, ಸ್ಕೀ ಅಂತ ಹಟ ಹಿಡಿಯದೆ ಇರುವುದಿಲ್ಲ. ಜಾರಿ ಬಿದ್ದು ಮಣಿಕಟ್ಟು ಮುರಿಯಿತು ಅಂದುಕೊಳ್ಳಿ. ಹಿಮ ಜೋರಾಗಿದ್ದರೆ ಕೆಳಗಿನ ಊರು ತಂಗ್‌ಮಾರ್ಗ್‌ವರೆಗಿನ ಇಳಿಜಾರಿನಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ಅಲ್ಲಿಂದ ಮುಂದೆ ಶ್ರೀನಗರ. ಎಕ್ಸ್‌ರೇ ತೆಗೆಸಿ, ಪ್ಲಾಸ್ಟರ್ ಹಾಕಿಸಿ ಅದೇ ಸಂಜೆ ರೂಮಿಗೆ ಬಂದರೆ ಹೆಚ್ಚಿನ ಹೆಲ್ತ್ ಪಾಲಿಸಿಗಳು ಕೈ ಎತ್ತುತ್ತವೆ, ಯಾಕೆಂದರೆ ಅಡ್ಮಿಟ್ ಆಗಿಲ್ಲ. ಟ್ರಾವೆಲ್ ಪಾಲಿಸಿಯಲ್ಲಿ ಅಪಘಾತದ ಹೊರರೋಗಿ ಚಿಕಿತ್ಸೆ ಇದೆಯಾ, ಬೆಟ್ಟದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಇದೆಯಾ ಅಂತ ಕೇಳುವುದು ಇದಕ್ಕೇ.

ಇಲ್ಲೇ ಒಂದು ತಿರುವಿದೆ. ಹೆಲ್ತ್ ಪಾಲಿಸಿಯಲ್ಲಿ ಸಾಹಸ ಕ್ರೀಡೆಯ ಪೆಟ್ಟಿಗೆ ದುಡ್ಡಿಲ್ಲ ಎಂಬ ಷರತ್ತು ವೃತ್ತಿಪರರಾಗಿ ಆಡುವವರಿಗೆ ಅನ್ವಯಿಸುವಂಥದ್ದು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಪದಗಳೇ ಹಾಗಿವೆ. ರಜೆಗೆ ಹೋದವರು ಬಿದ್ದರೆ ಅದನ್ನು ತೋರಿಸಿ ಕ್ಲೇಮ್ ತಳ್ಳುವಂತಿಲ್ಲ. ಆದರೆ ಟ್ರಾವೆಲ್ ಪಾಲಿಸಿಗಳಲ್ಲಿ ಸ್ಕೀಯಿಂಗನ್ನು ಪೂರ್ತಿ ಹೊರಗಿಟ್ಟವೂ ಇವೆ, ಜಾಸ್ತಿ ದುಡ್ಡು ಕೊಟ್ಟರೆ ಸೇರಿಸುವವೂ ಇವೆ. ಏಜೆಂಟರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ‘ಫುಲ್ ಕವರ್’ ಪಟ್ಟಿ ಸಾಲದು, ಪಾಲಿಸಿಯ ಪೂರ್ತಿ ಕಾಗದ ಕೇಳಿ ತೆಗೆದುಕೊಳ್ಳಿ. ವಿಮಾನ ಎಷ್ಟು ಗಂಟೆ ತಡವಾದರೆ ದುಡ್ಡು, ಪ್ರವಾಸ ರದ್ದಿಗೆ ಯಾವ ಯಾವ ಕಾರಣ ಒಪ್ಪುತ್ತಾರೆ, ಹವಾಮಾನ ಅದರಲ್ಲಿದೆಯಾ ಅಂತ ಓದಿ. ಹವಾಮಾನ ಇಲ್ಲದಿದ್ದರೆ ಆ ಪಾಲಿಸಿ ನಿಮಗೆ ದಂಡವೇ ಸರಿ. ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಭಾರೀ ಹಿಮಪಾತದ ಸುದ್ದಿ ಬಂದ ಮೇಲೆ ಕೊಂಡರೂ ಆ ಹಿಮಪಾತಕ್ಕೆ ಕ್ಲೇಮ್ ಸಿಗುವುದು ಕಷ್ಟ. ಆದ್ದರಿಂದ ಈಗಲೇ ಮಾಡಿಸಿ. ವಿಮಾನ ರದ್ದಾದರೆ ಕಂಪನಿಯ ಮೆಸೇಜು, ಹೋಟೆಲ್ ಬಿಲ್ಲು ಬಿಸಾಡಬೇಡಿ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಆಮೇಲೆ ವಿಮೆಯ ದೂರು ವಿಚಾರಿಸುವ, ನಿಮ್ಮ ಪ್ರದೇಶದ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ.

ಅತ್ತೆಯವರ ಬಿಪಿಯನ್ನು ದಯವಿಟ್ಟು ಮುಚ್ಚಿಡಬೇಡಿ. ಮೊದಲಿನಿಂದ ಇರುವ ಕಾಯಿಲೆಗೆ ಎಷ್ಟೋ ಟ್ರಾವೆಲ್ ಪಾಲಿಸಿಗಳು ದುಡ್ಡು ಕೊಡುವುದಿಲ್ಲ, ಕೊಟ್ಟರೂ ಪ್ರಾಣಾಪಾಯದಲ್ಲಿ ಮಾತ್ರ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ಕೇಬಲ್ ಕಾರು ಗೊಂಡೋಲಾದ ಎರಡನೇ ಹಂತ 3,900 ಮೀಟರ್ ದಾಟಿಸುತ್ತದೆ. ಅಷ್ಟು ಮೇಲೆ ಅವರು ಹೋಗಬಹುದಾ ಅಂತ ಡಾಕ್ಟರನ್ನು ಕೇಳಿ, ಹೋಗದಿದ್ದರೂ ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯಲ್ಲಿ ಹಿಮ ಧಾರಾಳವಾಗಿ ಇರುತ್ತದೆ. ಅವರ ಮಟ್ಟಿಗೆ ನಿಜವಾದ ಆಸರೆ ಹೆಲ್ತ್ ಪಾಲಿಸಿಯೇ. ಅವರ ಹೆಸರು ಅದರಲ್ಲಿ ಇದೆಯಾ, ಬಿಪಿಗೆ ಕ್ಲೇಮ್ ಸಿಗಲು ಕಾಯಬೇಕಾದ ಅವಧಿ ಮುಗಿದಿದೆಯಾ, ಶ್ರೀನಗರದ ಯಾವ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆ ಎಂಬುದನ್ನು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.